2+1 ಅಂದರೆ ಏನು? ಫಾರೆಸ್ಟ್ರಿ ಡಿಗ್ರಿಯ ಒಳಗೊಂದು ಸುತ್ತು

ಸಿಇಟಿ ರಿಸಲ್ಟ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಇಂಜಿನಿಯರಿಂಗ್ ಓದಿದವರು ಮನೆಗೊಬ್ಬರು ಸಿಗುತ್ತಾರೆ, ಫಾರೆಸ್ಟ್ರಿ ಓದಿದವರು ಸೀಮೆಗೊಬ್ಬರು. ಈ ಸಲ ಫೋನ್ ಮಾಡಿದ್ದು ಅಕ್ಕನ ಓರಗಿತ್ತಿ. ಮಗಳಿಗೆ ಆಪ್ಷನ್ ಎಂಟ್ರಿ ಮಾಡಬೇಕಿತ್ತು. "ಫಾರೆಸ್ಟ್ರಿ ಅಂತ ಒಂದು ಕೋರ್ಸ್ ಇದೆಯಲ್ಲ ತಮ್ಮಾ, ನಾಲ್ಕು ವರ್ಷ ಗಿಡ ನೆಡೋದು ಕಲಿಸ್ತಾರಾ?" ಅಂದರು. ಜೊತೆಗೆ ಸಿಲೆಬಸ್ಸಿನ ಫೋಟೋ ವಾಟ್ಸಾಪಿನಲ್ಲಿ ಬಂತು. ಪ್ರತಿ ವಿಷಯದ ಮುಂದೆ 3(2+1), 2(1+1), 3(2+1). "ಇದೇನು ಲೆಕ್ಕ? ಅಂಕಿ ನೋಡಿದರೆ ಗಣಿತದ ಕೋರ್ಸ್ ಇದ್ದಂಗಿದೆ."

ಒಂದು ರೀತಿಯಲ್ಲಿ ಅವರು ಹೇಳಿದ್ದು ಸರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಬ್ರಾಕೆಟ್ ಬಿಡಿಸೋಣ.

3(2+1)ರಲ್ಲಿ ಮುಂದಿನ 3 ಅಂದರೆ ಆ ವಿಷಯದ ಒಟ್ಟು ಕ್ರೆಡಿಟ್. ಒಳಗಿನ 2 ಅಂದರೆ ವಾರಕ್ಕೆ ಎರಡು ಗಂಟೆ ಪಾಠ. ಪ್ಲಸ್ 1 ಅಂದರೆ ವಾರಕ್ಕೆ ಒಂದು ಪ್ರಾಕ್ಟಿಕಲ್. ಪಾಠದ ಒಂದು ಕ್ರೆಡಿಟ್ಟಿಗೆ ಒಂದು ಗಂಟೆ, ಪ್ರಾಕ್ಟಿಕಲ್ಲಿನ ಒಂದು ಕ್ರೆಡಿಟ್ಟಿಗೆ ಎರಡು ಗಂಟೆ. ಆ ಎರಡು ಗಂಟೆ ಕಾಗದದ ಮೇಲೆ ಮಾತ್ರ. ಕಾಡಿನ ಪ್ರಾಕ್ಟಿಕಲ್ ಇದ್ದ ದಿನ ಬಸ್ಸಿನಲ್ಲಿ ಹೋಗಿ, ಮರ ಅಳೆದು, ವಾಪಸ್ ಬರುವಷ್ಟರಲ್ಲಿ ಮೆಸ್ಸಿನಲ್ಲಿ ಅನ್ನ ಖಾಲಿ.

ಕ್ರೆಡಿಟ್ ಯಾಕೆ ಮುಖ್ಯ ಅಂದರೆ ಅಂಕದ ತೂಕ ಅದರ ಮೇಲಿದೆ. ಮೂರು ಕ್ರೆಡಿಟ್ಟಿನ ವಿಷಯದಲ್ಲಿ 72 ಅಂಕ ಬಂತು ಅಂದುಕೊಳ್ಳಿ. ಗ್ರೇಡ್ ಪಾಯಿಂಟ್ 7.2. ಅದನ್ನು 3ರಿಂದ ಗುಣಿಸಿದರೆ 21.6. ಎರಡು ಕ್ರೆಡಿಟ್ಟಿನ ಇನ್ನೊಂದು ವಿಷಯದಲ್ಲಿ 55 ಬಂದರೆ 5.5, ಎರಡರಿಂದ ಗುಣಿಸಿದರೆ 11. ಎರಡೂ ಕೂಡಿಸಿ ಒಟ್ಟು ಕ್ರೆಡಿಟ್ 5ರಿಂದ ಭಾಗಿಸಿ. 6.52. ಇದೇ ನಿಮ್ಮ ಸರಾಸರಿ. ಪಾಸಾಗಲು ಪ್ರತಿ ವಿಷಯದಲ್ಲೂ 5 ಪಾಯಿಂಟ್ ಬೇಕು, ಅಂದರೆ ನೂರಕ್ಕೆ 50. ಪಿಯುಸಿಯಲ್ಲಿ ಇದಕ್ಕಿಂತ ಕಡಿಮೆ ಅಂಕಕ್ಕೇ ಪಾಸಾಗುವ ಅಭ್ಯಾಸ ಇಟ್ಟುಕೊಂಡು ಬಂದವರು ಮೊದಲ ಸೆಮಿಸ್ಟರಿನಲ್ಲೇ ಎಡವುವುದು ಇಲ್ಲಿ.

ಹೀಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕರ್ನಾಟಕದಲ್ಲಿ ಈ ಡಿಗ್ರಿಗೆ ಹೆಸರಾದ ಕಾಲೇಜುಗಳು ಎರಡು. ಶಿರಸಿಯದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೊಡಗಿನ ಪೊನ್ನಂಪೇಟೆಯದ್ದು 1995ರಲ್ಲಿ ಶುರುವಾದದ್ದು, ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೆಳಗಿದೆ.

ಕಾಡಿನ ಕೋರ್ಸು ಕೃಷಿ ವಿಶ್ವವಿದ್ಯಾಲಯದಲ್ಲಿ ಯಾಕೆ? ಇದಕ್ಕೊಂದು ಹಿನ್ನೆಲೆ ಇದೆ. ಬ್ರಿಟಿಷರು 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ತೆರೆದರು. ಅದು ಇಲಾಖೆಗೆ ಸೇರುವವರ ತರಬೇತಿಗೆ. ಆಮೇಲೂ ನೂರು ವರ್ಷ ಹೆಚ್ಚುಕಡಿಮೆ ಅದೇ ಪದ್ಧತಿ: ಮೊದಲು ನೌಕರಿ, ಆಮೇಲೆ ಪಾಠ. ಇಲಾಖೆಯ ಹೊರಗಿದ್ದವರಿಗೆ ಈ ವಿದ್ಯೆ ಸಿಗುತ್ತಲೇ ಇರಲಿಲ್ಲ. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ವರದಿ ಕೊಟ್ಟು, ಅರಣ್ಯ ಶಿಕ್ಷಣವನ್ನು ವಿಶ್ವವಿದ್ಯಾಲಯಗಳಲ್ಲೂ ಕೊಡಿ ಎಂದಿತು. 1980ರ ದಶಕದ ಮಧ್ಯದಲ್ಲಿ ಹಲವು ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿಎಸ್ಸಿ ಫಾರೆಸ್ಟ್ರಿ ಶುರುವಾಯಿತು. ಅಲ್ಲಿಂದ ಇದು ಕೃಷಿಯ ಬಳಗದಲ್ಲೇ ಇದೆ. ಏನು ಓದಬೇಕು ಅಂತ ಹೇಳುವುದೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತೇ. ಅದು ಆಗಾಗ ಡೀನ್‌ಗಳ ಸಮಿತಿ ಮಾಡಿ ಸಿಲೆಬಸ್ ತಿದ್ದುತ್ತದೆ. ಐದನೇ ಸಮಿತಿಯದ್ದು 2016-17ರಲ್ಲಿ ಬಂತು, ಆರನೆಯದ್ದು 2024-25ರಲ್ಲಿ. ಹಾಗಾಗಿ ಸೀನಿಯರ್ ಕೊಟ್ಟ ಹಳೇ ಪಟ್ಟಿ ನಂಬಿ ಕೂರಬೇಡಿ. ಈಗಿನದ್ದರಲ್ಲಿ ಶುರುವಿಗೇ 'ದೀಕ್ಷಾರಂಭ' ಅಂತ ಒಂದು ಪರಿಚಯ ಕಾರ್ಯಕ್ರಮವಿದೆ. ನಡುವೆ ಬಿಟ್ಟು ಹೋಗುವವರಿಗೂ ಬಾಗಿಲು ಇಟ್ಟಿದ್ದಾರೆ. ಒಂದು ವರ್ಷ ಮುಗಿಸಿದರೆ ಸರ್ಟಿಫಿಕೇಟ್, ಎರಡು ಮುಗಿಸಿದರೆ ಡಿಪ್ಲೊಮಾ, ಅದಕ್ಕೆ ಹತ್ತು ವಾರದ ಇಂಟರ್ನ್‌ಶಿಪ್ ಬೇರೆ ಮಾಡಬೇಕು.

ಮೊದಲ ವರ್ಷ ಪೂರ್ತಿ ಹದ ಮಾಡುವ ಕೆಲಸ. ಮಣ್ಣು, ಭೂವಿಜ್ಞಾನ, ಸಸ್ಯ ರಸಾಯನ, ಅಂಕಿಅಂಶ ಶಾಸ್ತ್ರ, ಇಂಗ್ಲಿಷ್. ಪಿಯುಸಿಯಲ್ಲಿ ಗಣಿತ ಓದದವರಿಗೆ ಗಣಿತದ ಒಂದು ಸಣ್ಣ ಕೋರ್ಸ್. ಪಶುಪಾಲನೆಯ ಪಾಠವೂ ಇರುತ್ತದೆ. ಹುಡುಗರು ನಗುತ್ತಾರೆ: ಕಾಡು ಓದಲು ಬಂದವರಿಗೆ ಎಮ್ಮೆ ಯಾಕೆ ಅಂತ. ಕಾಡಂಚಿನ ಊರಿನವರನ್ನು ಕೇಳಿದರೆ ಗೊತ್ತಾಗುತ್ತದೆ. ನೆಟ್ಟ ಸಸಿಯನ್ನು ತಿನ್ನುವುದು ಹುಲಿಯಲ್ಲ, ದನ.

ನಿಜವಾದ ಫಾರೆಸ್ಟ್ರಿ ಶುರುವಾಗುವುದು ಮರ ಗುರುತಿಸುವ ವಿಷಯದಿಂದ. ಇದಕ್ಕೆ ಡೆಂಡ್ರಾಲಜಿ ಅಂತ ಹೆಸರು. ಹೂ ಬಿಟ್ಟಾಗ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಎಲೆ ಉದುರಿದ ಮೇಲೆ, ಹೂವಿಲ್ಲದಾಗ ಹೇಳಬೇಕು. ಮತ್ತಿ ಮರದ ತೊಗಟೆ ಮೊಸಳೆಯ ಚರ್ಮದ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಹೊನ್ನೆಗೆ ಸಣ್ಣ ಗಾಯ ಮಾಡಿದರೆ ರಕ್ತದಂಥ ರಸ ಒಸರುತ್ತದೆ. ಸಾಗುವಾನಿಯ ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೈ ಕೆಂಪಾಗುತ್ತದೆ. ಇವನ್ನೆಲ್ಲ ಹಳ್ಳಿಯಿಂದ ಬಂದವರು ಮೊದಲೇ ಬಲ್ಲರು. ಅವರಿಗೆ ಕಷ್ಟವಾಗುವುದು ಲ್ಯಾಟಿನ್ ಹೆಸರು. ಮತ್ತಿಯನ್ನು ನೂರು ಸಲ ನೋಡಿದವನು 'ಟರ್ಮಿನೇಲಿಯಾ' ಅಂತ ಬರೆಯುವಾಗ ಒಂದು ಅಕ್ಷರ ತಪ್ಪಿ ಅಂಕ ಕಳೆದುಕೊಳ್ಳುತ್ತಾನೆ. ಪೇಟೆಯಿಂದ ಬಂದವರದ್ದು ಉಲ್ಟಾ. ಅದೇ ಕಾರಣಕ್ಕೆ ಹಾಸ್ಟೆಲ್ಲಿನಲ್ಲಿ ಇಬ್ಬರೂ ಒಂದೇ ರೂಮಿನಲ್ಲಿದ್ದರೆ ಒಳ್ಳೆಯದು.

ಆಮೇಲೆ ಬೀಜ, ನರ್ಸರಿ, ನೆಡುತೋಪು. ಇಲ್ಲಿ ಕೈ ಕೆಸರಾಗುತ್ತದೆ. ಸಾಗುವಾನಿಯ ಬೀಜ ಸುಮ್ನೆ ಹಾಕಿದರೆ ಮೊಳೆಯುವುದಿಲ್ಲ. ಕೆಲವು ಇವತ್ತು ಬರುತ್ತವೆ, ಕೆಲವು ಮುಂದಿನ ವರ್ಷ. ಅದಕ್ಕೆ ಬೀಜವನ್ನು ನೆನೆಸುವುದು, ಬಿಸಿಲಿಗೆ ಒಣಗಿಸುವುದು, ಮತ್ತೆ ನೆನೆಸುವುದು. ಗಟ್ಟಿ ಸಿಪ್ಪೆ ಸಡಿಲವಾಗುವ ತನಕ ಹಲವು ಸಲ ಇದೇ ಆಟ. ಒಂದು ವರ್ಷದ ಸಸಿಯನ್ನು ಕಿತ್ತು, ಮೇಲಿನ ಕಾಂಡವನ್ನು ಒಂದೆರಡು ಇಂಚು ಬಿಟ್ಟು ಕತ್ತರಿಸಿ, ತಾಯಿಬೇರನ್ನು ಒಂದು ಗೇಣಿನಷ್ಟು ಉಳಿಸಿ, ಪಕ್ಕದ ಬೇರುಗಳನ್ನೆಲ್ಲ ಸವರಿ ಹಾಕುತ್ತಾರೆ. ಅದಕ್ಕೆ ಸ್ಟಂಪ್ ಅಂತಾರೆ. ನೋಡಿದರೆ ಒಣ ಮೂಲಂಗಿ. ಮಳೆ ಹಿಡಿಯುವ ಹೊತ್ತಿಗೆ ಕಬ್ಬಿಣದ ಸರಳಿನಿಂದ ತೂತು ಮಾಡಿ ಇಳಿಸಿದರೆ ಚಿಗುರುತ್ತದೆ. ಮೊದಲ ಸಲ ಮಾಡಿದಾಗ ಇದು ಬದುಕಲಿಕ್ಕಿಲ್ಲ ಅಂತಲೇ ಅಂದುಕೊಂಡಿದ್ದೆ.

ಈಗ ಗಣಿತಕ್ಕೆ ಬರೋಣ. ಫಾರೆಸ್ಟ್ರಿಯಲ್ಲಿ ಅರ್ಧ ಹುಡುಗರು ಹೆದರುವ ವಿಷಯ ಮೆನ್ಸುರೇಶನ್, ಅಂದರೆ ಮರದ ಅಳತೆ. ನನ್ನ ಮಟ್ಟಿಗೆ ಇಡೀ ಡಿಗ್ರಿಯ ಬೇರು ಇದೇ.

ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಹಿಡಿಯಬೇಕು. ಎದೆಮಟ್ಟ ಅಂತಾರೆ. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ನನ್ನ ಲೆಕ್ಕವನ್ನು ನಿಮ್ಮ ಲೆಕ್ಕದ ಜೊತೆ ಇಟ್ಟು ನೋಡಲು ಸಾಧ್ಯ. ಇಳಿಜಾರಿನಲ್ಲಿ ಇದ್ದರೆ ಮೇಲ್ಬದಿಯಿಂದ ಅಳೆಯಬೇಕು. ಬುಡದಲ್ಲಿ ಹಲಗೆಬೇರು ಇದ್ದರೆ ಅದು ಮುಗಿದ ಮೇಲಿನಿಂದ.

ಎತ್ತರ ಅಳೆಯಲು ಮರ ಹತ್ತುವುದಿಲ್ಲ. ಅಡಿಕೆ ಮರಕ್ಕಾದರೆ ದೋಟಿ ಹಿಡಿದು ನಮ್ಮ ಅಪ್ಪ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಕಾಡಿನ ಮರಕ್ಕೆ ಕೋನ ಅಳೆಯುವ ಸಣ್ಣ ಯಂತ್ರ ಬೇಕು. ಸುಲಭದ ದಾರಿ ಇದು: ಸಮ ನೆಲದಲ್ಲಿ ಹಿಂದೆ ಹಿಂದೆ ಸರಿಯುತ್ತ ಹೋಗಿ. ಮರದ ತುದಿ 45 ಡಿಗ್ರಿಯಲ್ಲಿ ಕಂಡಾಗ ನಿಲ್ಲಿ. ನಿಮಗೂ ಮರಕ್ಕೂ ಇರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಅದೇ ಮರದ ಎತ್ತರ. ತೊಂದರೆ ಏನೆಂದರೆ ಮಲೆನಾಡಿನಲ್ಲಿ ಸಮ ನೆಲ ಎಲ್ಲಿದೆ? ನಾನು ಮೊದಲ ಪ್ರಾಕ್ಟಿಕಲ್ಲಿನಲ್ಲಿ ಮತ್ತಿ ಮರದ ಕೆಳಗಿನ ಇಳಿಜಾರಿನಲ್ಲಿ, 20 ಮೀಟರ್ ದೂರ ನಿಂತಿದ್ದೆ. ತುದಿ 50 ಡಿಗ್ರಿಯಲ್ಲಿ ಕಂಡಿತು, ಬುಡ 10 ಡಿಗ್ರಿಯಲ್ಲಿ. ಬುಡವೂ ನನ್ನ ಕಣ್ಣಿಗಿಂತ ಮೇಲೇ ಇತ್ತು. ಒಂದೊಂದು ಕೋನದಿಂದ ಒಂದೊಂದು ಎತ್ತರ ಸಿಗುತ್ತದೆ, ಆಗ ತುದಿಯ ಎತ್ತರದಿಂದ ಬುಡದ್ದನ್ನು ಕಳೆಯಬೇಕು. ನಾನು ಪುಸ್ತಕದ ಸೂತ್ರ ನೆನೆಸಿಕೊಂಡು ಕೂಡಿಸಿದೆ. 20 ಮೀಟರಿನ ಮರ 27 ಮೀಟರ್ ಆಯಿತು. ಮೇಷ್ಟ್ರು ಪುಸ್ತಕ ನೋಡಿ, "ಇದನ್ನು ಹರಾಜಿಗೆ ಹಾಕಿದರೆ ಇಲಾಖೆಗೆ ಲಾಭ, ಕೊಂಡವನು ನಿನ್ನನ್ನು ಹುಡುಕಿಕೊಂಡು ಬರ್ತಾನೆ" ಅಂದರು.

ಹರಾಜಿನ ಮಾತು ಬಂದಿದ್ದಕ್ಕೆ ಇನ್ನೊಂದು ಲೆಕ್ಕ. ನಾಟಾದ ದಿಮ್ಮಿ ಅಳೆಯಲು ಹಳೆಯ ಒಂದು ಪದ್ಧತಿ ಇದೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 1.2 ಮೀಟರ್ ಸುತ್ತಳತೆಯ, 5 ಮೀಟರ್ ಉದ್ದದ ದಿಮ್ಮಿಗೆ 0.45 ಘನ ಮೀಟರ್ ಬರುತ್ತದೆ. ದುಂಡಗಿನ ಕಂಬದ ಸರಿಯಾದ ಸೂತ್ರ ಹಾಕಿದರೆ 0.57. ಅಂದರೆ ಹಳೆಯ ಪದ್ಧತಿಯಲ್ಲಿ ನೂರಕ್ಕೆ 21 ಪಾಲಿನಷ್ಟು ಮರ ಲೆಕ್ಕಕ್ಕೇ ಬರುವುದಿಲ್ಲ. ಮೋಸ ಅಂತ ಅನಿಸಬಹುದು. ದುಂಡು ದಿಮ್ಮಿಯನ್ನು ಚೌಕ ಮಾಡಿ ಕೊಯ್ಯುವಾಗ ಬದಿಯಲ್ಲಿ ಹೋಗುವ ಭಾಗಕ್ಕೆ ಬಿಟ್ಟ ವಿನಾಯಿತಿ ಅದು ಅನ್ನುತ್ತಾರೆ. ಮಾರುವವನು ಯಾವ ಸೂತ್ರದಲ್ಲಿ ಅಳೆದ ಅಂತ ಕೇಳದೆ ರೇಟು ಮಾತಾಡುವುದು ದಡ್ಡತನ. ಇಷ್ಟನ್ನು ಕಲಿತರೂ ಆ 2+1 ಸಾರ್ಥಕ.

ಇಷ್ಟೆಲ್ಲ ಅಳೆಯುವುದು ಯಾಕೆ? ಭತ್ತದ ಗದ್ದೆಯಲ್ಲಿ ಬೆಳೆ ಯಾವುದು, ಗದ್ದೆ ಯಾವುದು ಅಂತ ಸ್ಪಷ್ಟ. ಕಾಡಿನಲ್ಲಿ ಹಾಗಲ್ಲ. ಮರವೇ ಅಸಲು, ಮರವೇ ಬಡ್ಡಿ. ಬ್ಯಾಂಕಿನ ಎಫ್‌ಡಿ ಇದ್ದಂತೆ, ಆದರೆ ಪಾಸ್‌ಬುಕ್ ಇಲ್ಲ. ಈ ವರ್ಷ ಕಾಡು ಎಷ್ಟು ಬೆಳೆಯಿತೋ ಅಷ್ಟನ್ನು ಮಾತ್ರ ಕಡಿದರೆ ಅಸಲು ಉಳಿಯುತ್ತದೆ. ಎಷ್ಟು ಬೆಳೆಯಿತು ಅಂತ ಹೇಳಲು ಅಳತೆ ಬೇಕು, ಎಲ್ಲ ಮರ ಅಳೆಯಲು ಆಗದ್ದರಿಂದ ಅಂಕಿಅಂಶ ಶಾಸ್ತ್ರ ಬೇಕು, ಮುಂದಿನ ಹತ್ತು ವರ್ಷಕ್ಕೆ ಎಲ್ಲಿ ಏನು ಮಾಡಬೇಕು ಅಂತ ಬರೆಯಲು ಕಾರ್ಯಯೋಜನೆ ಬೇಕು. ಫಾರೆಸ್ಟ್ ಮ್ಯಾನೇಜ್‌ಮೆಂಟ್, ಸಿಲ್ವಿಕಲ್ಚರ್ (ಕಾಡು ಬೆಳೆಸುವ ವಿದ್ಯೆ), ರಿಮೋಟ್ ಸೆನ್ಸಿಂಗ್ (ಉಪಗ್ರಹದ ಚಿತ್ರದಿಂದ ಕಾಡು ನೋಡುವುದು) ಅಂತ ಪಟ್ಟಿಯಲ್ಲಿ ಚದುರಿ ಬಿದ್ದಿರುವ ಹೆಸರುಗಳೆಲ್ಲ ಇದೇ ಒಂದು ಪ್ರಶ್ನೆಯ ಸುತ್ತ ತಿರುಗುತ್ತವೆ.

ಅರ್ಥಶಾಸ್ತ್ರವೂ ಅಷ್ಟೇ. ಸಾಗುವಾನಿ ಹಾಕಿದರೆ 40 ವರ್ಷಕ್ಕೆ ಮರವೊಂದಕ್ಕೆ ಲಕ್ಷ ರೂಪಾಯಿ ಸಿಗುತ್ತದೆ ಅಂತ ಯಾರೋ ಹೇಳಿದರು ಅಂದುಕೊಳ್ಳಿ. ವರ್ಷಕ್ಕೆ ನೂರಕ್ಕೆ 8ರ ಬಡ್ಡಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಆ ಲಕ್ಷ ಇವತ್ತಿನ ಸುಮಾರು 4,600 ರೂಪಾಯಿಗೆ ಸಮ. ಅದೇ ಕಾರಣಕ್ಕೆ ರೈತರು ಏಳೆಂಟು ವರ್ಷಕ್ಕೆ ಕಡಿಯುವ ನೀಲಗಿರಿ, ಗಾಳಿ ಮರದ ಕಡೆ ಹೋದದ್ದು. ಅವರಿಗೆ ಪರಿಸರದ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಶ್ರೀಗಂಧವನ್ನು ನೋಡಿ, ವಿಷಯಗಳು ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಅಂತ ಗೊತ್ತಾಗುತ್ತದೆ. ಅದು ಅರೆ ಪರಾವಲಂಬಿ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ನೀರು, ಲವಣ ಹೀರುತ್ತದೆ. ಹಾಗಾಗಿ ಸಸಿಯ ಪಕ್ಕದಲ್ಲಿ ತೊಗರಿಯಂಥ ಆಸರೆ ಗಿಡ ಬೇಕು. ಇದು ಸಸ್ಯಶರೀರ ಶಾಸ್ತ್ರ. ಅದಕ್ಕೆ ಸ್ಪೈಕ್ ಅಂತ ಒಂದು ರೋಗ ಬರುತ್ತದೆ, ಎಲೆಗಳು ಚಿಕ್ಕದಾಗಿ ಮುಳ್ಳಿನ ಗೊಂಚಲಿನಂತೆ ಆಗುತ್ತವೆ. ಇದು ರೋಗಶಾಸ್ತ್ರ. ಇನ್ನು ಕಾನೂನು. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷ ಮಾಡಿದ ಮೇಲೆ ನಿಮ್ಮ ಹಿತ್ತಲಲ್ಲಿ ಬೆಳೆದರೂ ಅದು ನಿಮ್ಮದಲ್ಲ ಅನ್ನುವ ಸ್ಥಿತಿ ಬಹಳ ಕಾಲ ಇತ್ತು. ಹಾಗಿದ್ದ ಮೇಲೆ ಯಾರು ನೆಡುತ್ತಾರೆ? ಕರ್ನಾಟಕ 2001ರಲ್ಲಿ ಕಾಯ್ದೆ ತಿದ್ದಿ ಜಮೀನಿನ ಮಾಲೀಕನೇ ಮರದ ಮಾಲೀಕ ಎಂದಿತು. ಕಡಿಯಲು, ಮಾರಲು ಈಗಲೂ ಇಲಾಖೆಯ ಕಟ್ಟುಪಾಡು ಇದೆ. ಒಂದು ಮರಕ್ಕೆ ಮೂರು ವಿಷಯದ ಪಾಠ.

ಕಾನೂನಿನ ಪೇಪರ್ ಒಣ ಅಂತ ಹುಡುಗರು ಗೊಣಗುತ್ತಾರೆ. 1927ರ ಭಾರತೀಯ ಅರಣ್ಯ ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ. ಬಾಯಿಪಾಠ ಮಾಡಿದರೆ ಒಣವೇ. ಶಿರಸಿ ಸೀಮೆಯ ಸೊಪ್ಪಿನ ಬೆಟ್ಟಕ್ಕೆ ಹೋಗಿ ಓದಿದರೆ ಹಾಗಲ್ಲ. ಬೆಟ್ಟ ಸರ್ಕಾರದ್ದು, ಸೊಪ್ಪು ತರುವ ಹಕ್ಕು ಅಡಿಕೆ ತೋಟದವರದ್ದು. ಇದೇ ಸೀಮೆಯ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರ ತಬ್ಬಿ ನಿಂತರು, ಅಪ್ಪಿಕೋ ಚಳವಳಿ ಶುರುವಾಯಿತು. ಊರಿನವರನ್ನು ಬಿಟ್ಟು ಕಾಡಿನ ಯೋಜನೆ ಬರೆಯಲು ಆಗುವುದಿಲ್ಲ ಅಂತ ಅಲ್ಲಿ ಯಾರಿಗಾದರೂ ತಿಳಿಯುತ್ತದೆ. ಸಿಲೆಬಸ್ಸಿನಲ್ಲಿ ಸಮಾಜಶಾಸ್ತ್ರ, ಬುಡಕಟ್ಟು ಜನರ ಬದುಕು ಅಂತೆಲ್ಲ ಇರುವುದು ಅದಕ್ಕೇ.

ವನ್ಯಜೀವಿ ಪಾಠಕ್ಕೆ ಮಾತ್ರ ಯಾರೂ ಗೊಣಗುವುದಿಲ್ಲ. ಕ್ಯಾಮೆರಾ ಹಿಡಿದುಕೊಂಡು ಬರುತ್ತಾರೆ. ಅಲ್ಲೂ ಸಿಗುವುದು ಲೆಕ್ಕವೇ! ಕಾಡಿನಲ್ಲಿ ಹುಲಿ ಎಷ್ಟಿವೆ ಅಂತ ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಮೊದಲ ಸಲ ಕಾಡಿನಲ್ಲಿ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟಿದಾಗ 20 ಹುಲಿ ಸಿಕ್ಕವು ಅನ್ನಿ. ಎರಡನೇ ಸಲವೂ 20 ಸಿಕ್ಕವು. ಅದರಲ್ಲಿ 10 ಹಳಬವೇ. ಅಂದರೆ ಎರಡನೇ ಸಲ ಸಿಕ್ಕವುಗಳಲ್ಲಿ ಅರ್ಧ ಮೊದಲೇ ಗೊತ್ತಿದ್ದವು. ಹಾಗಾದರೆ ಮೊದಲ 20 ಇಡೀ ಕಾಡಿನ ಅರ್ಧ, ಒಟ್ಟು ಸುಮಾರು 40. ನಿಜವಾದ ಸೂತ್ರ ಇದಕ್ಕಿಂತ ಜಟಿಲ, ಒಳಗಿನ ಉಪಾಯ ಇಷ್ಟೇ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಈ ದಾರಿ ಹಿಡಿದಿದ್ದರು. ಹೆಜ್ಜೆ ಗುರುತು ಎಣಿಸುವ ಹಳೇ ಪದ್ಧತಿಯನ್ನು ದೇಶ ಆಮೇಲೆ ಬಿಟ್ಟಿತು. ಕರ್ನಾಟಕದಲ್ಲಿ 563 ಹುಲಿ ಅಂತ 2022ರ ಗಣತಿ ಹೇಳಿದ್ದು ಇಂಥ ಲೆಕ್ಕದಿಂದಲೇ.

ಕೊನೆಯ ವರ್ಷ ಬೇರೆಯೇ ಕಥೆ. ಐದನೇ ಡೀನ್ ಸಮಿತಿಯ ಪಟ್ಟಿಯಲ್ಲಿ ಏಳನೇ ಸೆಮಿಸ್ಟರಿನ ಮುಂದೆ 0+20 ಅಂತ ಬರೆದಿದೆ. ಪಾಠ ಸೊನ್ನೆ, ಇಪ್ಪತ್ತೂ ಕೆಲಸ. ಫಾರೆಸ್ಟ್ರಿ ವರ್ಕ್ ಎಕ್ಸ್‌ಪೀರಿಯನ್ಸ್ ಅಂತ ಕರೆಯುತ್ತಾರೆ. ವಲಯ ಕಚೇರಿ, ಹಳ್ಳಿ, ಮರದ ಕಾರ್ಖಾನೆ, ಸಂಶೋಧನಾ ಸಂಸ್ಥೆ ಅಂತ ಓಡಾಡಿ ಅಲ್ಲಿನ ಕೆಲಸ ಕಲಿತು ಡೈರಿ ಬರೆಯಬೇಕು. ಎಂಟನೆಯದ್ದರಲ್ಲಿ ನರ್ಸರಿಯಂಥ ಒಂದು ಘಟಕವನ್ನು ನೀವೇ ನಡೆಸಿ ಖರ್ಚು-ಆದಾಯದ ಲೆಕ್ಕ ಕೊಡಬೇಕು. ಸಸಿ ಬೆಳೆಸುವುದಕ್ಕಿಂತ ಮಾರುವುದು ಕಷ್ಟ ಅಂತ ತಿಳಿಯುವುದು ಆಗಲೇ.

ಸೇರುವುದು ಹೇಗೆ ಅನ್ನುವುದಕ್ಕೆ ಜಾಸ್ತಿ ಹೇಳಬೇಕಿಲ್ಲ. ಪಿಯುಸಿ ವಿಜ್ಞಾನ, ಸಿಇಟಿ, ಆಪ್ಷನ್ ಎಂಟ್ರಿ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಬೀಜ, ಸಲಕರಣೆ ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಅರ್ಜಿ ಹಾಕುವಾಗಲೇ ಅದರ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಎಷ್ಟೋ ಮಕ್ಕಳು ತಹಶೀಲ್ದಾರರ ಸಹಿ ತಡವಾಗಿ ಸೀಟು ಕಳೆದುಕೊಂಡಿದ್ದಾರೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮುಗಿಸಿದರೆ ಆರ್‌ಎಫ್‌ಒ ಆಗಬಹುದಾ? ಆಗಬಹುದು, ತಾನಾಗಿ ಅಲ್ಲ. ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಫಾರೆಸ್ಟ್ರಿ ಪದವೀಧರರಿಗೆ ಒಂದು ಪಾಲು ಮೀಸಲಿದೆ. ಆ ಪಾಲು ಎಷ್ಟಿರಬೇಕು ಅನ್ನುವುದಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದದ್ದೂ ಇದೆ, ಹಾಗಾಗಿ ಆಯಾ ಅಧಿಸೂಚನೆ ನೋಡಿಯೇ ನಂಬಬೇಕು. ಪರೀಕ್ಷೆ ಬರೆಯಲೇಬೇಕು. ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ. ಅಲ್ಲಿ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೂ ಈ ಡಿಗ್ರಿ ನಡೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಎಂಎಸ್ಸಿ ಮಾಡಿ ಸಂಶೋಧನೆಗೆ ಹೋದವರಿದ್ದಾರೆ, ನಕ್ಷೆ ಮಾಡುವ ಕಂಪನಿ ಸೇರಿದವರಿದ್ದಾರೆ. ಕಾಡು ಬೇಡ, ಖಾಕಿ ಮಾತ್ರ ಬೇಕು ಅನ್ನುವವರಿಗೆ ನಾಲ್ಕು ವರ್ಷ ಉದ್ದವಾಗುತ್ತದೆ.

ಇಷ್ಟನ್ನು ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಕೊನೆಗೆ ಫೋನು ಮಗಳ ಕೈಗೆ ಹೋಯಿತು.

"ಮಾಮಾ, ಕಾಡಲ್ಲಿ ಉಂಬಳ ಇರುತ್ತಾ?"

"ಮಳೆಗಾಲದ ಪ್ರಾಕ್ಟಿಕಲ್‌ಗೆ ಹೋದರೆ ಇರುತ್ತೆ. ಸುಣ್ಣ, ಹೊಗೆಸೊಪ್ಪು ಪೊಟ್ಟಣ ಕಟ್ಟಿಕೊಂಡು ಹೋಗಬೇಕು."

"ಅದಕ್ಕೆ ಕ್ರೆಡಿಟ್ ಎಷ್ಟು?" ಅಂದಳು.